ಗರೀಬ ಕೂಸು

ಹೋದ ತಿಂಗಳು ಗಂಡನ ಕೆಮ್ಮಿಗೆಂದು ಅಳಲೆಕಾಯಿ ತರಲು ಖಡೇಬಜಾರಿನ ಗಿಡಮೂಲಿಕೆ ಅಂಗಡಿಯೊಂದಕ್ಕೆ ಹೋಗಿದ್ದೆ. ನನಗಿಂತ ಮುಂದೆ ನಿಂತಿದ್ದ ಹೆಂಗಸಿಗೆ ಅಂಗಡಿಯವರು ಬಜೆ ತೂಗುತ್ತಿದ್ದರು. ಒಣಬೇರಿನ ತುಂಡೊಂದು ತಕ್ಕಡಿಯಿಂದ ಜಾರಿ ನನ್ನ ಕೈ ಹತ್ತಿರ ಬಿತ್ತು. ಎತ್ತಿಕೊಡುವಾಗ ಬೆರಳಿಗೆ ವಾಸನೆ ಹತ್ತಿತು. ಅಂಗಡಿಯವರು ಎರಡು ಸಲ "ನಿಮಗೇನ್ರಿ ಅಕ್ಕಾರ?" ಎಂದು ಕೇಳಿದರು. ನಾನು ಏನೂ ತೆಗೆದುಕೊಳ್ಳದೆ ಹೊರಗೆ ಬಂದೆ.

ಒಂಬತ್ತು ವರ್ಷಗಳ ಹಿಂದೆ, ಖಾನಾಪುರದ ನನ್ನ ತವರುಮನೆಯಲ್ಲಿ, ನನ್ನ ಮಗಳಿಗೆ ನೀರು ಎರೆಯಲು ಬರುತ್ತಿದ್ದ ಆಯಿಯ ಕೈಯ ವಾಸನೆ ಅದು.

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಆಕೆ ನಮಗೆ ಸಂಬಂಧಿಯಲ್ಲ. ಓಣಿಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದರು, ನಾವೂ ಎನ್ನುತ್ತಿದ್ದೆವು. ಆಕೆಗೊಂದು ಹೆಸರು ಇದ್ದೇ ಇರಬೇಕು, ನಾನು ಕೇಳಲಿಲ್ಲ. ಜಾಂಬೋಟಿ ಕಡೆಯ ಹಳ್ಳಿಯಿಂದ ಬಂದು ಸ್ಟೇಷನ್ನಿನ ಹಿಂದೆ ಒಂದು ಖೋಲಿಯಲ್ಲಿ ಇದ್ದಳು. ಮನೆಮಾತು ಮರಾಠಿ. ನಮ್ಮೊಡನೆ ಕನ್ನಡ ಮಾತಾಡುತ್ತಿದ್ದಳು, ನಡುವೆ ಮರಾಠಿ ಮಾತು ಬಂದರೆ ಅದನ್ನು ತಿದ್ದಲು ಹೋಗುತ್ತಿರಲಿಲ್ಲ. ಅವ್ವನಿಗೆ ಆಕೆ "ಬಾಯಾರ" ಎನ್ನುವಳು. ನನಗೆ "ತಂಗಿ". ತಮಾಷೆ ಬೇಕೆನಿಸಿದಾಗ "ಟೀಚರಬಾಯಿ".

ನಾನು ಆಗಲೂ ಈಗಿನಂತೆ ಬೆಳಗಾವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ಶಿವಬಸವ ನಗರದಲ್ಲಿ. ಬಸುರಿಯಾದ ಎರಡನೇ ತಿಂಗಳ ರಕ್ತಪರೀಕ್ಷೆಯಲ್ಲಿ ನನ್ನ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ ಎಂದು ತಿಳಿಯಿತು. ಡಾಕ್ಟರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಮೊದಲ ತಿಂಗಳುಗಳಲ್ಲಿ ಕೂಸಿಗೆ ತನ್ನದೆನ್ನುವ ಥೈರಾಯ್ಡ್ ಇರುವುದಿಲ್ಲ, ಅದರ ಮಿದುಳು ಬೆಳೆಯುವುದು ತಾಯಿಯ ಹಾರ್ಮೋನಿನ ಮೇಲೆ, ಗುಳಿಗೆ ಒಂದು ದಿನವೂ ತಪ್ಪಬಾರದು. ನಾನು ತಪ್ಪಿಸಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಗುಳಿಗೆ, ಒಂದು ತಾಸು ಬಿಟ್ಟು ಚಹಾ, ಕ್ಯಾಲೆಂಡರಿನ ಮೇಲೆ ಒಂದು ಗೆರೆ. ಸೀಮಂತದ ಕುಪ್ಪಸ ಕಾರ್ಯ ಮುಗಿಸಿ ತವರಿಗೆ ಹೊರಟ ದಿನ ಆ ಕ್ಯಾಲೆಂಡರನ್ನೂ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು. ಪ್ರತಿ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಪಾತರಗಿತ್ತಿಯಾಕಾರದ ಆ ಗ್ರಂಥಿಯ ಚಿತ್ರ ಬರೆದು, ಅದು ಕೆಟ್ಟರೆ ಏನೇನಾಗುತ್ತದೆ ಎಂದು ಬರೆಸುತ್ತಿದ್ದವಳು ನಾನು.

ಹೆರಿಗೆ ಖಾನಾಪುರದ ಒಂದು ಸಣ್ಣ ದವಾಖಾನೆಯಲ್ಲಿ ಆಯಿತು. ಎರಡನೇ ದಿನವೇ ಮನೆಗೆ ಕಳಿಸಿದರು. ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಒಂದು ಸಾಲು ಇತ್ತು: ಮೂರರಿಂದ ಏಳು ದಿನದೊಳಗೆ ಕೂಸನ್ನು ತಂದು ಹಿಮ್ಮಡಿಯ ರಕ್ತ ಪರೀಕ್ಷೆ ಮಾಡಿಸುವುದು. ಅವ್ವ ಅದನ್ನು ನನ್ನಿಂದ ಓದಿಸಿಕೊಂಡು ಕೇಳಿ ಬೆಚ್ಚಿದಳು.

"ಕಣ್ಣ ಬಿಟ್ಟ ಎರಡ ದಿನ ಆಗಿಲ್ಲ, ಹಿಮ್ಮಡಿಗೆ ಸೂಜಿ ಚುಚ್ಚತಾರಂತ! ನಲವತ್ತ ದಿನ ಬಾಣಂತಿ, ಕೂಸು ಹೊಸ್ತಿಲಾ ದಾಟಂಗಿಲ್ಲ. ಆಮ್ಯಾಲೆ ಎಲ್ಲೆರೆ ಹೋಗ್ರಿ."

ಆ ಚೀಟಿ ತೊಟ್ಟಿಲ ಬಟ್ಟೆಗಳ ಕೆಳಗೆ ಹೋಯಿತು. ತಪ್ಪನ್ನು ಅವ್ವನ ಮೇಲೆ ಹಾಕುವುದು ಸುಲಭ. ಆದರೆ ಓದಿದವಳು ನಾನು. ಥೈರಾಯ್ಡ್ ಅನ್ನುವುದು ನನ್ನ ರೋಗ, ನನ್ನ ಗುಳಿಗೆ ನಾನು ನುಂಗಿದ್ದೇನೆ, ಅಲ್ಲಿಗೆ ಅದರ ಲೆಕ್ಕ ಮುಗಿಯಿತು ಎಂದುಕೊಂಡಿದ್ದೆ. ಕೂಸಿಗೂ ಅದು ಬೇರೆಯಾಗಿ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಆಯಿ ನೀರು ಎರೆಯುವುದಕ್ಕೆ ಒಂದು ಕ್ರಮ ಇತ್ತು. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು ಎರಡೂ ಕಾಲು ಚಾಚಿ, ಮೊಣಕಾಲಿನಿಂದ ಪಾದದವರೆಗಿನ ಇಳಿಜಾರಿನಲ್ಲಿ ಕೂಸನ್ನು ಬೋರಲು ಮಲಗಿಸುವಳು. ಎಣ್ಣೆ ಹಚ್ಚಿ ಬೆನ್ನು, ತೋಳು, ತೊಡೆ ತಿಕ್ಕುವಳು. ಆಮೇಲೆ ಹಂಡೆಯಿಂದ ಮೊದಲ ತಂಬಿಗೆ ನೀರು ಎತ್ತಿ, ತನ್ನ ಕಾಲಿಗೆ ಒಂದಿಷ್ಟು ಹಾಕಿಕೊಂಡು ಬಿಸಿ ನೋಡಿ, ಕೂಸಿನ ಬೆನ್ನಿಗೆ ಸುರಿದು ನಿಲ್ಲಿಸುವಳು. ಎರಡನೇ ತಂಬಿಗೆಗೆ ಕೈ ಹಾಕುತ್ತಿರಲಿಲ್ಲ. ಕೂಸು ಅಳಲಿ ಎಂದು ಕಾಯುತ್ತಿದ್ದಳು.

"ಮೊದಲ ತಂಬಿಗಿಗೆ ಅಳಬೇಕ್ರಿ. ನಾ ಎರೆದ ಕೂಸುಗೋಳು ಓಣಿ ಎಬ್ಬಸ್ತಾವ. ಒಂದು ಅಂತೂ ಸ್ಟೇಷನ್ ಮಾಸ್ತರನ್ನ ಎಬ್ಬಿಸಿತ್ತು," ಎಂದು ನಗುತ್ತಿದ್ದಳು.

ನನ್ನ ಮಗಳು ಅಳಲಿಲ್ಲ. ಮೊದಲ ದಿನ ಕಣ್ಣು ಅರೆ ತೆರೆದು ಮತ್ತೆ ಮುಚ್ಚಿಕೊಂಡಳು. ಎರಡನೇ ದಿನವೂ ಹಾಗೇ. ಆಯಿ ಕಾದಳು... ಆಮೇಲೆ ಎರಡನೇ ತಂಬಿಗೆ ತೆಗೆದುಕೊಂಡಳು.

ನಮ್ಮ ಕಡೆ ಗರೀಬ ಎಂದರೆ ಬಡವ ಎಂದಷ್ಟೇ ಅಲ್ಲ. ಒದೆಯದ ಎಮ್ಮೆ ಗರೀಬ, ಎದುರು ಮಾತಾಡದ ಸೊಸೆ ಗರೀಬ, ರಚ್ಚೆ ಹಿಡಿಯದ ಕೂಸು ಗರೀಬ. ಅದು ಹೊಗಳಿಕೆ. ನೋಡಲು ಬಂದವರೆಲ್ಲ ಅದನ್ನೇ ಹೇಳಿದರು. ಎರಡು ಮನೆ ಆಚೆ ನನ್ನಂತೆಯೇ ಹೆರಿಗೆಗೆ ಬಂದವಳೊಬ್ಬಳಿದ್ದಳು. ಅವಳ ತಾಯಿ ಬಂದು ತೊಟ್ಟಿಲು ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟಳು. "ಏಟ ಗರೀಬ ಐತಿ ನೋಡ್ರಿ ನಿಮ್ಮ ಕೂಸು! ನಮ್ಮದೈತಿ, ಬ್ಯಾಂಡ್ ಕಂಪನಿ."

"ಅಪ್ಪನ್ನ ಹೋಲತೈತಿ," ಎಂದಳು ಅವ್ವ. "ನಮ್ಮ ಅಳಿಯಂದೇವ್ರು ಬಾಯಿ ಬಿಟ್ಟದ್ದ ನಾ ಇನ್ನೂ ಕೇಳಿಲ್ಲ."

ನಾನೂ ನಕ್ಕೆ. ನಿಜವಾಗಿಯೂ ನನಗೆ ಸಂತೋಷವಾಗಿತ್ತು. ಹಾಲಿಗೂ ನಾನೇ ಎಬ್ಬಿಸಬೇಕಿತ್ತು, ಎಬ್ಬಿಸಿದರೆ ನಾಲ್ಕು ಗುಟುಕು ಕುಡಿದು ಮತ್ತೆ ನಿದ್ದೆ. ನಾಲ್ಕು ದಿನಕ್ಕೊಮ್ಮೆ ಕಕ್ಕಸು. ಮೂರು ವಾರವಾದರೂ ಕಣ್ಣಿನ ಹಳದಿ ಹೋಗಿರಲಿಲ್ಲ. ಅವ್ವ ಎಳೆಬಿಸಿಲಿಗೆ ಹಿಡಿಯುತ್ತಿದ್ದಳು. ಪಾದ ತಣ್ಣಗಿರುತ್ತಿತ್ತು, ಅದಕ್ಕೆ ಖಾನಾಪುರದ ಥಂಡಿ ಎಂದೆವು, ಮಂಚದ ಕೆಳಗಿನ ಶೇಗಡಿಗೆ ಇನ್ನಷ್ಟು ಕೆಂಡ ಹಾಕಿದೆವು. ಹೊಕ್ಕಳು ಉಬ್ಬಿತ್ತು, ಅವ್ವ ಅದರ ಮೇಲೆ ರೂಪಾಯಿ ಬಿಲ್ಲೆ ಇಟ್ಟು ಬಟ್ಟೆ ಕಟ್ಟಿದಳು. ಒಂದೊಂದಕ್ಕೂ ನಮ್ಮ ಹತ್ತಿರ ಒಂದೊಂದು ಉತ್ತರ ಇತ್ತು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವಳು ಆಯಿ ಒಬ್ಬಳೇ. ಅವಳ ಕೈಯಲ್ಲಿ ಕೂಸು ದಿನಾ ಅರ್ಧ ತಾಸು ಬತ್ತಲೆ ಇರುತ್ತಿತ್ತು. ನಮಗೆ ಅದು ಸುತ್ತಿದ ಬಟ್ಟೆಯೊಳಗಿನ ಮುಖ ಮಾತ್ರ.

ಇಪ್ಪತ್ತೆರಡನೇ ದಿನ ಎರೆದು ಮುಗಿಸಿದ ಮೇಲೆ ಆಯಿ ಏಳಲಿಲ್ಲ. ಕೂಸಿನ ನೆತ್ತಿಗೆ ಬಜೆ ತೇದು ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲೇ ಇಟ್ಟುಕೊಂಡು ಕುಳಿತಳು. ಬಚ್ಚಲ ಬಾಗಿಲಲ್ಲಿ ಅವ್ವ ಇದ್ದಳು, ಅವಳ ಹಿಂದೆ ನಾನು.

"ಬಾಯಾರ, ಸಿಟ್ಟಾಗಬ್ಯಾಡ್ರಿ. ಇದು ಗರೀಬ ಅಲ್ಲ. ಇದಕ್ಕ ಅಳಾಕ ಕಸುವಿಲ್ಲ."

ಆಯಿ ಮುಂದುವರಿಸಿದಳು. "ನನ್ನ ಮಗಾನೂ ಹಿಂಗ ಇದ್ದ. ನಾಲಿಗಿ ಹಿಂಗ ಹೊರಗ. ಅತ್ತರ ಧ್ವನಿ ಹಿಂಗ, ಗಂಟಲ ಕಟ್ಟಿದಂಗ. ಊರ ಮಂದಿ ಗರೀಬ ಅದಾನ, ಗರೀಬ ಅದಾನ ಅಂದ್ರು. ನಾನೂ ಹಿಗ್ಗಿದ್ನಿ. ಈಗ ಅದೇ ಹೆಸರಾಗೇತಿ, ಗರೀಬ್ಯಾ ಅಂತ ಕರೀತಾರ. ಹನ್ನೆರಡ ವರ್ಷದಾಂವ ಇದ್ದಾಗ ಒಬ್ಬರು ಡಾಕ್ಟರ್ ಅಂದ್ರು, ಮೊಲಿ ಕುಡಿಯೂ ಮುಂದ ತಂದಿದ್ರ ದಿನಕ್ಕೊಂದ ಗುಳಿಗಿ ಸಾಕಿತ್ತು ಅಂತ. ಬೆಳಗಾವಿಗೆ ಒಯ್ದು ತೋರಸ್ರಿ."

"ಏ, ಬಾಯಿ ಮುಚ್ಚ!" ಅವ್ವ ಕೂಸನ್ನು ಕಸಿದುಕೊಂಡಳು. "ನಿನ್ನ ಮಗನ್ನ ತಂದು ನಮ್ಮ ಕೂಸಿಗೆ ಹೋಲಸ್ತಿಯೇನ? ತೊಟ್ಟಿಲ ಕಟ್ಟಿದ ಮನ್ಯಾಗ ಇಂಥಾ ಮಾತ?"

ಇಲ್ಲಿಯವರೆಗೆ ಅವ್ವನ ಮಾತು. ಮುಂದಿನದು ನನ್ನದು. ಅದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಆಡಿಕೊಂಡಿದ್ದೇನೆಂದರೆ ಒಂದಕ್ಷರವೂ ಮರೆತಿಲ್ಲ.

"ಆಯಿ, ನಾಳಿಂದ ನೀವು ಬರೂದ ಬ್ಯಾಡ್ರಿ," ಎಂದೆ.

ಧ್ವನಿ ಏರಿಸಲಿಲ್ಲ. ತರಗತಿಯಲ್ಲಿ ಒಬ್ಬ ಹುಡುಗನನ್ನು ಹೊರಗೆ ಕಳಿಸುವಾಗ ಮಾತಾಡುವಂತೆ ಮಾತಾಡಿದೆ. ಆಯಿ ಹಂಡೆಯಲ್ಲಿ ಉಳಿದ ನೀರಿನಿಂದ ಮಣೆ ತೊಳೆದಳು, ಬಚ್ಚಲು ತೊಳೆದಳು, ತಂಬಿಗೆ ಬೋರಲಿಟ್ಟಳು. ಸೀರೆಯ ನಿರಿಗೆ ಹಿಂಡಿಕೊಂಡು ಹೊರಗೆ ಬಂದು ನನ್ನ ಮುಂದೆ ನಿಂತಳು.

"ಬರಂಗಿಲ್ಲ ತಂಗಿ. ಬ್ಯಾಡಂದಿದ್ದಕ್ಕ ನನಗ ಸಿಟ್ಟಿಲ್ಲ. ತೋರಸಲಿಲ್ಲಂದ್ರ ಸಿಟ್ಟು."

ಮರುದಿನದಿಂದ ಅವ್ವನೇ ಎರೆಯತೊಡಗಿದಳು. ಆದರೆ ಆಯಿ ಎರಡು ಮನೆ ಆಚೆಯ ಆ "ಬ್ಯಾಂಡ್ ಕಂಪನಿ"ಗೆ ಎರೆಯಲು ನಮ್ಮ ಮನೆಯ ಮುಂದೆಯೇ ಹೋಗಬೇಕಿತ್ತು. ಹೋಗುವಾಗ ನನ್ನ ಖೋಲಿಯ ಕಿಟಕಿಯ ಹತ್ತಿರ ನಿಲ್ಲುವಳು. ಒಳಗೆ ಇಣುಕುತ್ತಿರಲಿಲ್ಲ. ಬೀದಿಯ ಕಡೆ ಮುಖ ಮಾಡಿಕೊಂಡೇ ಕೇಳುವಳು.

"ಅತ್ತಿತ್ತೇನ್ರಿ ಇವತ್ತ?"

ಅಷ್ಟೇ. ಉತ್ತರಕ್ಕೆ ಒಂದು ಕ್ಷಣ ಕಾದು ಹೊರಟುಹೋಗುವಳು. ಅವ್ವ ಕಿಟಕಿ ಮುಚ್ಚಿಸಿದಳು. ಮುಚ್ಚಿದ ಕಿಟಕಿಯ ಆಚೆಯಿಂದಲೂ ಆ ಮಾತು ಕೇಳಿಸುತ್ತಿತ್ತು. ನಾನು ಒಂದು ದಿನವೂ ಉತ್ತರ ಕೊಡಲಿಲ್ಲ. ಹತ್ತು-ಹನ್ನೆರಡು ದಿನಗಳಾದ ಮೇಲೆ ಆಕೆ ಬರುವುದು ನಿಂತಿತು. ಮಗನಿಗೆ ಹುಷಾರಿಲ್ಲವೆಂದು ಊರಿಗೆ ಹೋದಳಂತೆ ಎಂದು ಯಾರೋ ಅಂದರು. ನನಗೆ ಹಗುರವಾಯಿತು... ಹೌದು, ಹಗುರವೇ ಆಯಿತು.

ಮೂವತ್ತೆಂಟನೇ ದಿನ ಅವ್ವನ ಮಣಿಕಟ್ಟು ಉಳುಕಿತು. ಎರೆಯುವ ಕೆಲಸ ನನಗೆ ಬಂತು. ಮೊದಲ ಸಲ ಮಗಳನ್ನು ನನ್ನ ಕಾಲುಗಳ ಮೇಲೆ ಬೋರಲು ಹಾಕಿಕೊಂಡೆ. ಬಟ್ಟೆಯಿಲ್ಲದ ಅವಳು ನನ್ನ ಕಾಲುಗಳ ಮೇಲೆ ಒದ್ದೆ ಟವೆಲಿನಂತೆ ಬಿದ್ದಿದ್ದಳು. ಕೈ ಎತ್ತಿದರೆ ಕೈ ಕೆಳಗೆ ಬೀಳುತ್ತಿತ್ತು. ಬೆನ್ನ ಚರ್ಮ ಒರಟು, ತಣ್ಣಗೆ. ಮೊದಲ ತಂಬಿಗೆ ಸುರಿದು ನಾನು ಕಾದೆ. ಹಂಡೆಯ ಕೆಳಗಿನ ಕಟ್ಟಿಗೆ ಚಟಪಟ ಎನ್ನುವುದು ಕೇಳುತ್ತಿತ್ತು. ಎರಡು ಮನೆ ಆಚೆ ಆ ಇನ್ನೊಂದು ಕೂಸು ಕಿರುಚುವುದು ಕೇಳುತ್ತಿತ್ತು. ನನ್ನ ಕಾಲ ಮೇಲಿನದು ಸುಮ್ಮನಿತ್ತು.

"ಅವ್ವಾ, ಇವತ್ತ ಬೆಳಗಾವಿಗೆ ಹೋಗೂಣು," ಎಂದೆ.

"ನಾಡದ ನಲವತ್ತ ತುಂಬತೈತಿ. ಗಂಗಿಪೂಜಿ ಮುಗಿಸಿ ಹೋಗೂಣು. ಎರಡ ದಿನದಾಗ ಏನಾಗತೈತಿ?"

ಆ ಎರಡು ದಿನಗಳಿಗೂ ನಾನು ಒಪ್ಪಿದೆ.

ನಲವತ್ತೊಂದನೇ ದಿನ ಬೆಳಗಾವಿಯಲ್ಲಿ ಮಕ್ಕಳ ಡಾಕ್ಟರು ಮಗಳನ್ನು ಮೇಜಿನ ಮೇಲೆ ಬಿಚ್ಚಿ ಮಲಗಿಸಿ, ಅಡಿಯಿಂದ ಮುಡಿಯವರೆಗೆ ನೋಡಿದರು. ಹೊಕ್ಕಳಿನ ಬಿಲ್ಲೆ ಬಿಚ್ಚಿ ನನ್ನ ಕೈಗೆ ಕೊಟ್ಟರು. ಹುಟ್ಟಿದಾಗ ಮಾಡಿಸಬೇಕಿದ್ದ ಪರೀಕ್ಷೆಯ ಬಗ್ಗೆ ಕೇಳಿದರು. ನಾನು ಹೇಳಿದೆ. ಸಂಜೆ ವರದಿ ಬಂತು. ಕೂಸಿನ ಕುತ್ತಿಗೆಯಲ್ಲಿ ಆ ಗ್ರಂಥಿ ಸರಿಯಾಗಿ ಬೆಳೆದೇ ಇಲ್ಲವೆಂದರು. ನನ್ನ ಕಾಯಿಲೆಯಿಂದ ಅಲ್ಲ, ಗುಳಿಗೆಯಿಂದಲೂ ಅಲ್ಲ, ಹೀಗೆ ಕೆಲವು ಕೂಸುಗಳು ಹುಟ್ಟುತ್ತವೆ ಎಂದರು.

"ಹೊಟ್ಟ್ಯಾಗ ಇದ್ದಾಗ ನಿಮ್ಮದರಾಗಿಂದ ಒಂದೀಟ ಸಿಗತಿತ್ತು. ನೀವು ಗುಳಿಗಿ ತಪ್ಪಸದ ತಗೊಂಡಿದ್ದು ಭಾಳ ಚಲೋ ಆತು. ಹೊರಗ ಬಂದ ದಿನದಿಂದ ಅದಕ್ಕ ಎಲ್ಲಿಂದಾನೂ ಇಲ್ಲ. ಈ ವಯಸ್ನಾಗ ಒಂದೊಂದ ವಾರಾನೂ ಮಿದುಳಿಗೆ ಲೆಕ್ಕ ಆಗತೈತಿ. ನಾಳೆ ಮುಂಜಾನಿಂದ ಗುಳಿಗಿ ಚಾಲೂ ಮಾಡ್ರಿ."

ಆಮೇಲೆ ಅವರು ಕೇಳಿದರು: "ಕೂಸಿಗೆ ಏನೋ ಆಗೇತಿ ಅಂತ ಮೊದಲ ಯಾರರೆ ಗುರ್ತ ಹಿಡಿದಿದ್ರೇನು?"

"ಇಲ್ರಿ," ಎಂದೆ.

ಅದೇಕೆ ಹಾಗೆಂದೆನೋ ಇವತ್ತಿಗೂ ನನಗೆ ತಿಳಿದಿಲ್ಲ. ಗಂಡ ಪಕ್ಕದಲ್ಲಿದ್ದ. ಅವನಿಗೆ ಆಯಿಯ ವಿಷಯ ನಾನು ಹೇಳಿರಲಿಲ್ಲ.

ಗುಳಿಗೆ ನನ್ನದೇ ಜಾತಿಯದು, ಅಳತೆ ಕಡಿಮೆ. ಖಾನಾಪುರಕ್ಕೆ ಮರಳಿದ ಮೇಲೆ ದಿನಾ ಬೆಳಿಗ್ಗೆ ಎರಡು ಚಮಚಗಳ ನಡುವೆ ಪುಡಿ ಮಾಡಿ, ಎರಡು ಹನಿ ಎದೆಹಾಲಿನಲ್ಲಿ ಕದಡಿ ನಾಲಿಗೆಗೆ ಹಾಕುತ್ತಿದ್ದೆ. ಮೊದಲು ಪಾದ ಬೆಚ್ಚಗಾಯಿತು. ಕಣ್ಣಿನ ಹಳದಿ ಇಳಿಯಿತು. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ಮಣಿಕಟ್ಟು ವಾಸಿಯಾಗಿದ್ದ ಅವ್ವ ಮೊದಲ ತಂಬಿಗೆ ಸುರಿದಾಗ ಮಗಳು ಮುಷ್ಟಿ ಬಿಗಿದು, ಮುಖ ಕೆಂಪು ಮಾಡಿಕೊಂಡು ಕಿರುಚಿದಳು. ಅವ್ವ ತಂಬಿಗೆ ಕೆಳಗಿಟ್ಟು ತಾನೂ ಅಳತೊಡಗಿದಳು. ಎರಡು ಮನೆ ಆಚೆಯಿಂದ ಆ ಇನ್ನೊಂದು ಕೂಸಿನ ಅಜ್ಜಿ ಓಡಿ ಬಂದು "ಏನಾತ್ರಿ?" ಎಂದು ಗಾಬರಿಯಾದಳು.

ಆಯಿ ಹೇಳಿದ ದಿನದಿಂದ ಗುಳಿಗೆ ಶುರುವಾದ ದಿನದವರೆಗೆ ಇಪ್ಪತ್ತು ದಿನ. ಮಗಳಿಗೆ ಈಗ ಒಂಬತ್ತು. ಓದುತ್ತಾಳೆ, ಸೈಕಲ್ ಹೊಡೆಯುತ್ತಾಳೆ, ಒಮ್ಮೆ ಮಾತು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ. ಡಾಕ್ಟರು ಚೆನ್ನಾಗಿದ್ದಾಳೆ ಎನ್ನುತ್ತಾರೆ. ಬೆಳೆದಂತೆ ಗುಳಿಗೆಯ ಅಳತೆ ಏರಿಸಿದ್ದಾರೆ. ಬೆಳಿಗ್ಗೆ ನಾವಿಬ್ಬರೂ ಅಡುಗೆಮನೆಯಲ್ಲಿ ಅಕ್ಕಪಕ್ಕ ನಿಂತು ನಮ್ಮ ನಮ್ಮ ಗುಳಿಗೆ ನುಂಗುತ್ತೇವೆ. ಆದರೆ ಏಳರ ಮಗ್ಗಿ ಅವಳಿಗೆ ನೆನಪಿನಲ್ಲಿ ನಿಲ್ಲುತ್ತಿಲ್ಲ. "ಏಳಾರಲೆ" ಎನ್ನುವಲ್ಲಿಗೆ ಬಂದು ನಿಂತು ಮೇಲೆ ನೋಡುತ್ತಾಳೆ. ಮಗ್ಗಿ ತಪ್ಪುವ ಮಕ್ಕಳು ಎಷ್ಟು ಮಂದಿ ಇಲ್ಲ... ನಾನೇ ದಿನಾ ನೋಡುತ್ತೇನೆ. ಆದರೂ ಅವಳು ಹಾಗೆ ಮೇಲೆ ನೋಡಿದಾಗಲೆಲ್ಲ ನಾನು ಆ ದಿನಗಳನ್ನು ಮತ್ತೆ ಎಣಿಸುತ್ತೇನೆ. ಇದು ಬರೀ ಮಗುವಿನ ಮರೆವೋ, ಆ ಇಪ್ಪತ್ತು ದಿನವೋ? ಹೇಳಬಲ್ಲವರು ಯಾರೂ ಇಲ್ಲ. ಯಾವ ರಕ್ತಪರೀಕ್ಷೆಯೂ ಹೇಳುವುದಿಲ್ಲ.

ಆಯಿಯನ್ನು ಕಾಣಬೇಕು ಎಂದು ಮೊದಲ ವರ್ಷ ದಿನಾ ಅಂದುಕೊಂಡೆ. ಎರಡನೇ ವರ್ಷ ಆಗಾಗ. ಆಮೇಲೆ ಅಂದುಕೊಳ್ಳುವುದೂ ಕಡಿಮೆಯಾಯಿತು. ಖಾನಾಪುರಕ್ಕೆ ಹೋದಾಗ ಸ್ಟೇಷನ್ನಿನ ಹಿಂದಿನ ಹಾದಿ ಬಿಟ್ಟು ಬೇರೆ ಹಾದಿ ಹಿಡಿಯುತ್ತಿದ್ದೆ.

ಖಡೇಬಜಾರಿನಿಂದ ಮನೆಗೆ ಬಂದ ಆ ದಿನ ಗಂಡನಿಗೆ ಮೊದಲ ಸಲ ಎಲ್ಲ ಹೇಳಿದೆ. ಅವನು "ಹೋಗಿ ಬಾ" ಎಂದ. ಅವ್ವನಿಗೆ ಫೋನು ಮಾಡಿ ಆಯಿಯ ಊರು ಯಾವುದೆಂದು ಕೇಳಿದೆ. "ಇಷ್ಟ ವರ್ಷ ಆದಮ್ಯಾಲೆ ಯಾಕ?" ಎಂದಳು. ಮರುದಿನ ಅವಳೇ ಓಣಿಯಲ್ಲಿ ವಿಚಾರಿಸಿ ಊರ ಹೆಸರು ತಿಳಿಸಿದಳು. ಹೋದ ಭಾನುವಾರ ನಾನು ಮಗಳನ್ನು ಕರೆದುಕೊಂಡು ಖಾನಾಪುರಕ್ಕೆ ಹೋದಾಗ, ಅವ್ವ ತನ್ನ ಟ್ರಂಕಿನಿಂದ ಉಡದ ಇಳಕಲ್ಲ ಸೀರೆಯೊಂದನ್ನು ತೆಗೆದು ನನ್ನ ಚೀಲದಲ್ಲಿ ಇಟ್ಟಳು.

ಜಾಂಬೋಟಿ ಹಾದಿಯಲ್ಲಿ ಬಸ್ಸಿಳಿದು, ಗದ್ದೆಯ ಬದುವಿನ ಮೇಲೆ ಸ್ವಲ್ಪ ನಡೆದರೆ ಊರು. ಕೇಳಿದವರು ತೋರಿಸಿದ ಮನೆಯಲ್ಲಿ ಆಯಿಯ ತಂಗಿ ಇದ್ದಳು. ಆಯಿಯದೇ ಮೂಗು, ಆಯಿಯದೇ ಕೈ. "ಯಾ, ಬಸಾ," ಎಂದು ಮರಾಠಿಯಲ್ಲಿ ಕರೆದು ಕೂರಲು ಚಾಪೆ ಹಾಸಿದಳು. ಯಾರೆಂದು ಹೇಳಿಕೊಂಡೆ.

"ಅಕ್ಕ ತೀರಿ ಎರಡ ವರ್ಷ ಆತ್ರಿ," ಎಂದಳು.

ನಾನು ಸೀರೆ ಕೈಯಲ್ಲಿ ಹಿಡಿದುಕೊಂಡೇ ಕುಳಿತೆ. ಬಾಗಿಲ ಹತ್ತಿರ ಒಬ್ಬ ಗಂಡಸು ಗೋಡೆಗೆ ಒರಗಿ ಕುಳಿತಿದ್ದ. ಎತ್ತರ ನನ್ನ ಮಗಳಷ್ಟೇ, ಕಿವಿಯ ಹತ್ತಿರ ನರೆಗೂದಲು. ಮಗಳು ಅವನಿಗೆ ತನ್ನ ಹೆಸರು, ಶಾಲೆ, ಸೈಕಲ್ಲಿನ ಬಣ್ಣ ಎಲ್ಲ ಹೇಳುತ್ತಿದ್ದಳು. ಅವನು ಅವಳ ಬಾಯನ್ನೇ ನೋಡುತ್ತ ನಗುತ್ತಿದ್ದ.

"ನಮ್ಮ ಗರೀಬ್ಯಾಗ ಈಗ ದಿನಾ ಮುಂಜಾನಿ ಗುಳಿಗಿ ಕೊಡತೇವ್ರಿ," ಎಂದಳು ತಂಗಿ. "ಮೊದಲ ಬ್ಯಾಸಗ್ಯಾಗೂ ಥಂಡಿ ಥಂಡಿ ಅಂತ ನಡಗತಿದ್ದ. ಈಗಿಲ್ಲ. ಮಾತ ಅಂತೂ ಬರಂಗಿಲ್ಲ."

"ಆಯಿ ನನ್ನ ಕೂಸಿನ ಸುದ್ದಿ ಏನರೆ ಹೇಳತಿದ್ರೇನ್ರಿ? ಖಾನಾಪುರದ್ದು... ಅಳಲಾರದ ಕೂಸು?"

ಆಕೆ ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಲು ನೋಡಿದಳು. "ಎಷ್ಟ ಕೂಸಿಗೆ ಎರದಾಳರಿ ಅಕ್ಕ! ಯಾವುದಂತ ಹೇಳ್ಯಾಳು?"

ಒಂಬತ್ತು ವರ್ಷ ನಾನು ಹೊತ್ತುಕೊಂಡು ತಿರುಗಿದ ಆ ಮಾತು ಆಯಿಯ ಮನಸ್ಸಿನಲ್ಲಿ ಉಳಿದಿತ್ತೋ, ಮರುದಿನವೇ ಮರೆತಿದ್ದಳೋ, ಇನ್ನು ತಿಳಿಯುವಂತಿಲ್ಲ. ಮರೆತಿದ್ದರೆ ಒಳ್ಳೆಯದು ಎಂದುಕೊಂಡೆ. ಮರೆತಿದ್ದರೆ ನಾನು ಯಾರ ಕ್ಷಮೆ ಕೇಳಲು ಬಂದೆ ಎಂದೂ ಅನಿಸಿತು. ಆಯಿಯ ಹೆಸರೇನೆಂದು ಕೇಳಿದೆ. ತಂಗಿ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ತಡವಾಗಿ ಕೇಳಿದವಳಿಗೆ ಆ ಹಕ್ಕಿಲ್ಲ. ಸೀರೆಯನ್ನು ಆ ತಂಗಿಯ ಕೈಗೆ ಕೊಟ್ಟು ಎದ್ದೆ.

ಬೆಳಗಾವಿಯ ಬಸ್ಸಿನಲ್ಲಿ ಮಗಳು ಕಿಟಕಿಯ ಪಕ್ಕ ಕುಳಿತಳು. ಸ್ವಲ್ಪ ದೂರ ಬಂದ ಮೇಲೆ ಕೇಳಿದಳು, "ಮಮ್ಮಿ, ಅವರು ನಮಗ ಏನಾಗಬೇಕ?"

"ಏನೂ ಆಗಬೇಕಿಲ್ಲ. ಅವರ ಅಕ್ಕ ನೀ ಸಣ್ಣಾಕಿ ಇದ್ದಾಗ ನಿನಗ ನೀರ ಎರೀತಿದ್ಳು. ನಿನಗ ಆರಾಮಿಲ್ಲ ಅಂತ ಮೊದಲ ಆಕಿಗೇ ಗೊತ್ತಾತು. ನಾ ಆಕಿಗೆ ಮನಿಗೆ ಬರಬ್ಯಾಡ ಅಂದ್ನಿ."

"ಯಾಕ ಅಂದಿ?"

"ಆಕಿ ಖರೇ ಹೇಳಿದ್ಳು. ನನಗ ಕೇಳಾಕ ಆಗಲಿಲ್ಲ."

ಅವಳು ಯೋಚಿಸಿದಳು. "ಆಮ್ಯಾಲೆ ಸಾರಿ ಅಂದೇನು?"

"ಇವತ್ತ ಅನ್ನಾಕ ಹೋಗಿದ್ನಿ," ಎಂದೆ.